ಕತ್ತರಿ ಗುಡಿಗೆ ಒಯ್ದ ಹಸಿರು ಅಂಗಿ

ಜೂನ್ 6

ಅಕ್ಕನಿಗೆ,

ಪೂರ್ತಿ ಓದಿದ ಮೇಲೆ ಬೈ. ಅರ್ಧಕ್ಕೇ ನಿಲ್ಲಿಸಿ ಬೈಯಬೇಡ.

ನಾವು ಬಂದು ಸೇರಿದೆವು. ವಿಮಾನದಲ್ಲಿ ಕಟ್ಟಿಕೊಂಡ ಸೀಟಿನ ಬೆಲ್ಟನ್ನು ನಾನು ಇಳಿಯುವವರೆಗೂ ಬಿಚ್ಚಲಿಲ್ಲ, ಕೊನೆಗೆ ಅಲ್ಲಿಯ ಹುಡುಗಿಯೇ ಬಂದು ಬಿಚ್ಚಿ ಎಬ್ಬಿಸಿದಳು. ಇವರ ಲಿಫ್ಟ್ ಕೂರಿಸುವ ಕಂಪನಿಯವರು ಕೊಟ್ಟಿರುವುದು ಒಂದೇ ಕೋಣೆ. ಮಂಚ, ಒಲೆ, ಬಟ್ಟೆ ಹರವುವ ಹಗ್ಗ ಎಲ್ಲವೂ ಒಂದರ ಮೈಮೇಲೆ ಒಂದು. ಕೆಳಗೆ ಸೈಕಲ್ ರಿಪೇರಿಯವನ ಅಂಗಡಿ. ಅವನು ಟ್ಯೂಬಿಗೆ ಗಾಳಿ ಹೊಡೆಯುವಾಗಲೆಲ್ಲ ನನಗೆ ಗ್ಯಾಸ್ ಸೋರುತ್ತಿದೆ ಅನ್ನಿಸುತ್ತದೆ. ಹೊರಗೆ ಹೊರಟರೆ ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದು ಒಲೆ ಮುಟ್ಟಿ ನೋಡುತ್ತೇನೆ. ಇವರು ಕೆಳಗೆ ನಿಂತು ಕಾಯುತ್ತಾರೆ, ಏನೂ ಅನ್ನುವುದಿಲ್ಲ. ಅದೇ ನನಗೆ ಭಯ. ಮೊದಲಾದರೆ ಏನಾದರೂ ಅನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಇವರಿಗೆ ಚೆನ್ನಾಗಿ ಕೇಳಿಸುತ್ತದೆ. ಅದಕ್ಕೇ ಕಾಗದ.

ಇವರು ದೇವಸ್ಥಾನದ ಕಡೆ ತಲೆ ಹಾಕಿ ಮಲಗಿದವರಲ್ಲ, ನಿನಗೇ ಗೊತ್ತು. ನಾವು ಒಳಗೆ ಹೋದರೆ ಹೊರಗೆ ನಿಂತು ಚಪ್ಪಲಿ ಕಾಯುತ್ತಿದ್ದ ಮನುಷ್ಯ. ಇಲ್ಲಿಗೆ ಬಂದ ವಾರದಲ್ಲೇ ತಮ್ಮ ಜೊತೆಯ ವೆಲ್ಡರನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು, ‘ಆ ದೇವಸ್ಥಾನ ಯಾವ ಬೀದೀಲಿದೆ? ರಜಾ ದಿನ ತೆಗ್ದಿರುತ್ತಾ?’ ಅಂತ ಕೇಳುತ್ತಿದ್ದರು. ನನ್ನನ್ನು ಕಂಡದ್ದೇ ಮಾತು ಸ್ಪ್ಯಾನರಿಗೆ ತಿರುಗಿತು.

ಇನ್ನೊಂದು. ಇವರ ಕೆಲಸದ ಚೀಲ ಬಿಚ್ಚಿ ಒರೆಸಿ ಇಡೋಣವೆಂದು ಕೈ ಹಾಕಿದರೆ ತಳದಲ್ಲಿ ನನ್ನ ಹಳೆಯ ಹಸಿರು ಅಂಗಿ! ತುಂಬುತೋಳಿನದು, ನಾನು ತೊಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಗ್ರೀಸ್ ತಾಗಬಾರದೆಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದಾರೆ. ಕೈ ಒರೆಸಿಕೊಳ್ಳಲು ತಂದ ಚಿಂದಿಯಾದರೆ ಹಾಗೆ ಸುತ್ತುತ್ತಾರೆಯೇ? ಇದ್ದ ಹಾಗೇ ಮಡಚಿ ಇಟ್ಟೆ.

ನಿನಗೆ ಏನನ್ನಿಸುತ್ತದೆ, ಬೇಗ ಬರೆ.

ನಿನ್ನ ಪುಟ್ಟಿ


ಜೂನ್ 22

ಪುಟ್ಟಿ,

ಬೈಯುವುದಿಲ್ಲ. ಬೈಯುವುದಕ್ಕೂ ಪುರುಸೊತ್ತಿಲ್ಲ. ಶಾಲೆಯ ಯೂನಿಫಾರಂಗಳು ಮೇಜಿನ ಮೇಲೆ ಕುತ್ತಿಗೆಯವರೆಗೆ ಬಿದ್ದಿವೆ. ಕಾಜಾ ಮಾಡಲು ಇಟ್ಟುಕೊಂಡ ಹೊಸಬಳು ಗುಂಡಿ ಒಂದು ಕಡೆ, ತೂತು ಇನ್ನೊಂದು ಕಡೆ ಮಾಡಿ ಇಡುತ್ತಾಳೆ. ಇಂಥ ಹೊತ್ತಿನಲ್ಲೇ ನಮ್ಮ ಲಿಫ್ಟಪ್ಪನಿಗೆ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕೆನ್ನಿಸಿತು. ಇಷ್ಟು ವರ್ಷ ಹೊರಗೆ ಕೆಲಸಕ್ಕೆ ಹೋದಾಗ ಒಬ್ಬನೇ ಹೋಗಲಿಲ್ಲವೇ? ಆಗ ಯಾರು ಅನ್ನ ಬೇಯಿಸಿ ಹಾಕಿದರು? ನನಗೆ ಅವತ್ತೇ ಅನುಮಾನ ಬಂದಿತ್ತು, ನೀನು ಸಂಭ್ರಮದಲ್ಲಿದ್ದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ.

ಗಂಡಸು ಸುಮ್ಮನೆ ಹೆಂಗಸಿನ ಬಟ್ಟೆ ಹೊತ್ತು ತಿರುಗುವುದಿಲ್ಲ. ನಿನ್ನ ಭಾವ ‘ಈಗ ಬಂದೆ’ ಅಂತ ಹೊರಟವನು ಇನ್ನೂ ಬರುತ್ತಲೇ ಇದ್ದಾನೆ. ಅವನೂ ಹೋಗುವ ಮುಂಚೆ ಬಹಳ ಮೆತ್ತಗಾಗಿದ್ದ. ಆ ವರ್ಷ ಬಸ್ ಸ್ಟ್ಯಾಂಡಿನಲ್ಲಿ ನಿನ್ನವನು ಯಾವಳೋ ಹೆಂಗಸಿನ ಜೊತೆ ನಿಂತಿದ್ದನ್ನು ನಾನು ಕಂಡು ಬಂದು ಹೇಳಿದೆನಲ್ಲ, ಮರೆತೆಯಾ? ನೀನು ಮರೆತರೂ ನಾನು ಮರೆಯುವವಳಲ್ಲ. ಅಮ್ಮ ಹೋದ ಮೇಲೆ ನಿನ್ನನ್ನು ಮಡಿಲಿಗೆ ಹಾಕಿಕೊಂಡು ಸಾಕಿದವಳು ನಾನು, ಅವನಲ್ಲ.

ಅವನನ್ನು ಏನೂ ಕೇಳಬೇಡ, ಎಚ್ಚರವಾಗುತ್ತಾನೆ. ಆ ದೇವಸ್ಥಾನ ಎಂಥದ್ದೆಂದು ಬೇರೆ ಯಾರನ್ನಾದರೂ ಕೇಳು. ಶರ್ಟು ಒಗೆಯುವ ಮುಂಚೆ ನೋಡುತ್ತಿದ್ದೀಯ ತಾನೇ? ಜೇಬು, ಕಾಲರು, ವಾಸನೆ, ಎಲ್ಲ?

ನಿನ್ನ ಮೆಷಿನ್ನಿಗೆ ಧೂಳು ಕೂರದ ಹಾಗೆ ಬಟ್ಟೆ ಮುಚ್ಚಿದ್ದೇನೆ. ಅದನ್ನು ಬೇರೆ ಯಾರಿಗೂ ಮುಟ್ಟಲು ಬಿಟ್ಟಿಲ್ಲ.

ಅಕ್ಕ


ಜುಲೈ 8

ಅಕ್ಕನಿಗೆ,

ನೀನು ಹೇಳಿದ್ದೇ ಸರಿ. ನಾನು ಕೇಳಬಾರದಿತ್ತು, ಕೇಳಿದೆ.

ವೆಲ್ಡರನ ಹೆಂಡತಿ ನಮ್ಮ ಮೇಲಿನ ಮಹಡಿಯಲ್ಲೇ ಇದ್ದಾಳೆ. ನಮ್ಮ ಮಾತು ಬರುವವಳು ಈ ಬೀದಿಗೆಲ್ಲ ಅವಳೊಬ್ಬಳೇ. ನಾನು ಅವಳನ್ನು ವೆಲ್ಡರಮ್ಮ ಅನ್ನುತ್ತೇನೆ, ಅವಳು ನನ್ನನ್ನು ಲಿಫ್ಟಮ್ಮ ಅನ್ನುತ್ತಾಳೆ. ಬಟ್ಟೆ ಹಿಂಡುತ್ತಾ ನಿಂತಾಗ ದೇವಸ್ಥಾನದ ಮಾತು ತೆಗೆದೆ.

‘ಅಯ್ಯೋ, ಕತ್ತರಿ ಗುಡೀನಾ?’ ಅಂದಳು. ‘ಅಲ್ಲಿಗ್ಯಾಕ್ರೀ ನೀವು? ಅದು ಬಿಡೋರು ಹೋಗೋ ಜಾಗ.’

‘ಏನನ್ನ ಬಿಡೋರು?’

‘ಮನುಷ್ಯರನ್ನ ಕಣ್ರೀ. ಯಾರ ಸಹವಾಸ ಸಾಕಾಯ್ತೋ ಅವರ ಒಂದು ಬಟ್ಟೆ ತಗೊಂಡು ಹೋಗೋದು. ಅಲ್ಲಿ ದೇವರು ಅಂದ್ರೆ ಒಂದು ದೊಡ್ಡ ಕತ್ತರಿ. ಅದರಲ್ಲಿ ಬಟ್ಟೇನ ಎರಡು ಮಾಡಿ ಒಂದು ತುಂಡು ಗೋಡೆಗೆ ಹೊಡೀತಾರಂತೆ, ಇನ್ನೊಂದು ಕೈಗೆ ಕೊಡ್ತಾರಂತೆ. ಅಲ್ಲಿಗೆ ಋಣ ಹರೀತು.’

ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದೆ. ‘ನೀವು ನೋಡಿದೀರಾ?’ ಅಂದೆ.

‘ನಾನೆಲ್ಲಿ ಒಳಗೆ ಹೋಗ್ಲಿ? ಜನ ಅನ್ನೋದು ಕೇಳಿದೀನಿ ಅಷ್ಟೇ. ನನ್ನ ಗಂಡಂದು ಕತ್ತರಿಸೋಣ ಅಂದ್ರೂ ನೆಟ್ಟಗಿರೋ ಒಂದು ಶರ್ಟ್ ಬೇಕಲ್ರೀ, ಎಲ್ಲಾ ಕಿಡಿ ಬಿದ್ದು ಜಾಲರಿ ಆಗಿವೆ!’ ಅಂತ ನಕ್ಕಳು. ನಾನೂ ನಕ್ಕೆ. ಹೇಗೆ ನಕ್ಕೆನೋ.

ಅಕ್ಕಾ, ಅವರ ಚೀಲದಲ್ಲಿರುವುದು ನನ್ನ ಅಂಗಿ. ಇನ್ನು ಬಿಡಿಸಿ ಹೇಳಬೇಕೇ? ಮೊನ್ನೆ ನನಗೆ ಹೊಸ ಚಪ್ಪಲಿ ತಂದುಕೊಟ್ಟರು, ಮೆತ್ತನೆಯದು, ನಾನು ಕೇಳಿರಲಿಲ್ಲ. ನೀನು ಬರೆದ ಹಾಗೆಯೇ ಮೆತ್ತಗಾಗಿದ್ದಾರೆ. ನಿನ್ನೆ ಊಟಕ್ಕೆ ಕೂತಾಗ, ‘ಮುಂದಿನ ತಿಂಗಳು ಕೆಲಸಕ್ಕೆ ಎರಡು ದಿನ ರಜಾ ಇದೆ. ಒಂದು ದೇವಸ್ಥಾನ ಇದೆ ಇಲ್ಲಿ, ಇಬ್ರೂ ಹೋಗೋಣ’ ಅಂದರು.

‘ಏನು ದೇವರು?’ ಅಂದೆ.

‘ನೋಡೋಣ ಬಾ. ನಿನ್ನ ಕಸುಬಿಗೆ ಹತ್ತಿರದ ದೇವರೇ.’ ಅಷ್ಟು ಹೇಳಿ ತಟ್ಟೆ ತೊಳೆಯಲು ಎದ್ದರು. ತಟ್ಟೆ ತೊಳೆದರು ಅಕ್ಕಾ!

ನನ್ನ ಕಾಟ ತಡೆಯಲಾರದೆ ಹೀಗೆ ಮಾಡುತ್ತಿದ್ದಾರೋ ಏನೋ. ಒಲೆ, ಚಿಲಕ, ಬೀಗ, ಎಲ್ಲಿ ಹೋಗಿದ್ರಿ, ಯಾಕೆ ತಡ, ಇಷ್ಟೇ ನನ್ನ ಮಾತು. ಇಲ್ಲಿ ಬಿಟ್ಟು ಹೋದರೆ ನಾನೇನು ಮಾಡಲಿ? ಏಳನೇ ಕ್ಲಾಸಿಗೆ ನಿಂತ ನನ್ನ ಓದಿನಲ್ಲಿ ಇಲ್ಲಿಯ ಬಸ್ಸಿನ ಬೋರ್ಡು ಕೂಡ ಓದಲಾಗುವುದಿಲ್ಲ. ಪಾಸ್‌ಪೋರ್ಟು ಅವರ ಹತ್ತಿರವೇ ಇದೆ.

ನಿನ್ನ ಪುಟ್ಟಿ


ಜುಲೈ 23

ಪುಟ್ಟಿ,

ಮೊದಲು ಪಾಸ್‌ಪೋರ್ಟು ನಿನ್ನ ಹತ್ತಿರ ಇಟ್ಟುಕೋ. ಕೇಳಿದರೆ ಫೋಟೊ ನೋಡಬೇಕಿತ್ತು ಅನ್ನು. ಅಳುತ್ತಾ ಕೂರಬೇಡ, ಅತ್ತರೆ ಕಣ್ಣು ಊದುತ್ತದೆ, ಅವನಿಗೆ ಗೊತ್ತಾಗುತ್ತದೆ.

ಎಂಥ ದೇವರೋ ಕಾಣೆ. ಹೊಲಿದ ಬಟ್ಟೆಗೆ ಯಾರಾದರೂ ಕತ್ತರಿ ಹಾಕುವುದುಂಟೇ? ಕತ್ತರಿ ಇರುವುದು ಹೊಲಿಯುವ ಮುಂಚೆ.

ಈಗ ನಾನು ಹೇಳಿದ ಹಾಗೆ ಮಾಡು. ಹಸಿರು ಅಂಗಿ ಎಂದೆ. ಯಾವ ಹಸಿರು? ನಿನಗೆ ಅಂಥವು ಎರಡಿದ್ದವು. ನಿನ್ನನ್ನು ನೋಡಲು ಅವನ ಕಡೆಯವರು ಬರುತ್ತಾರೆಂದಾಗ ನಾನು ಹೊಲಿದುಕೊಟ್ಟದ್ದು ಒಂದು, ಉಳಿದ ಬಟ್ಟೆಯಲ್ಲಿ ಆಮೇಲೆ ನೀನೇ ಹೊಲಿದುಕೊಂಡದ್ದು ಇನ್ನೊಂದು. ಅಳತೆ ಒಂದೇ, ನಿನಗೆ ಕಲಿಸಿದವಳು ನಾನೇ ಆದ್ದರಿಂದ ಹೊಲಿಗೆಯೂ ಒಂದೇ ಥರ, ಮೇಲೆ ನೋಡಿದರೆ ನಿನಗೂ ಗೊತ್ತಾಗುವುದಿಲ್ಲ. ಒಳಗಡೆ ಕಂಕುಳ ಹತ್ತಿರ ನೋಡು. ಹೊಲಿಗೆ ಮುಗಿಸುವ ಕಡೆ ನಾನು ಹಿಂದಕ್ಕೂ ಮುಂದಕ್ಕೂ ಮೂರು ಸಲ ಓಡಿಸುತ್ತೇನೆ. ನೀನು ಒಂದೇ ಸಲ ಓಡಿಸಿ ದಾರ ಕಡಿಯುತ್ತೀಯ, ಎಷ್ಟು ಬೈದರೂ ಆ ಅವಸರ ಬಿಡಲಿಲ್ಲ.

ನಿನ್ನ ಕೈಯದಾದರೆ ಸುಮ್ಮನೆ ಬಿಡಬೇಡ. ತೆಗೆದು ಬಚ್ಚಿಟ್ಟು ಆ ಜಾಗಕ್ಕೆ ಅವನದೇ ಬನಿಯನ್ನು ಸುತ್ತಿಡು, ತನ್ನ ಋಣ ತಾನೇ ಹರಿದುಕೊಳ್ಳಲಿ. ನನ್ನ ಕೈಯದಾದರೆ ಹೋದರೆ ಹೋಗಲಿ, ಇನ್ನೊಂದು ಹೊಲಿದುಕೊಡುತ್ತೇನೆ.

ಅಕ್ಕ


ಆಗಸ್ಟ್ 9

ಅಕ್ಕನಿಗೆ,

ನೋಡಿದೆ. ಇವರು ಸ್ನಾನಕ್ಕೆ ಹೋದಾಗ ಚೀಲದಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನೀರಿನ ಸದ್ದು ನಿಂತಾಗಲೆಲ್ಲ ಬೆನ್ನ ಹಿಂದೆ ಅಡಗಿಸುತ್ತಿದ್ದೆ. ಕಂಕುಳಲ್ಲಿ ಹಿಂದೆ ಮುಂದೆ ಮೂರು ಸಲ ಓಡಿದೆ, ನಿನ್ನದೇ ಕೈ. ಇಷ್ಟು ದಿನ ಅದನ್ನು ನಾನೇ ಹೊಲಿದದ್ದು ಅಂತ ತಿಳಿದಿದ್ದೆ, ನೋಡು. ನೀನು ಹೇಳಿದ ಹಾಗೆ ಇದ್ದಲ್ಲೇ ಇಟ್ಟೆ. ಸ್ವಲ್ಪ ನಿರಾಳವಾಯಿತು. ಯಾಕೆ ನಿರಾಳವಾಯಿತೆಂದು ಕೇಳಿದರೆ ಹೇಳಲು ತಿಳಿಯದು. ತೊಟ್ಟವಳು ನಾನೇ ತಾನೇ?

ಪಾಸ್‌ಪೋರ್ಟು ಕೇಳಿದೆ. ‘ಯಾಕೆ, ಓಡಿ ಹೋಗ್ತೀಯಾ?’ ಅಂತ ನಕ್ಕು ಕೊಟ್ಟುಬಿಟ್ಟರು. ಇಷ್ಟು ಸುಲಭವಾಗಿ ಕೊಟ್ಟದ್ದಕ್ಕೂ ನನಗೆ ಅನುಮಾನ.

ಇನ್ನೊಂದು ಮಾತು. ಇಲ್ಲಿಯ ಕೆಲಸ ಮುಗಿದ ಮೇಲೆ ಕಂಪನಿಯವರು ಇವರನ್ನು ನಮ್ಮ ಕಡೆಯದೇ ಬೇರೆ ಊರಿಗೆ ಹಾಕುತ್ತಾರಂತೆ, ಅಲ್ಲಿ ಇವರೇ ಮೇಸ್ತ್ರಿ. ‘ಮುಂದುಗಡೆ ಒಂದು ಮೆಷಿನ್ ಹಾಕೋಕೆ ಜಾಗ ಇರೋ ಮನೆ ಸಿಗುತ್ತೆ. ನಿಂದೇ ಅಂಗಡಿ ಅಂತ ಬೋರ್ಡ್ ಹಾಕ್ಕೋ’ ಅಂದರು. ‘ಅಕ್ಕನ ಅಂಗಡಿ ಇದೆಯಲ್ಲ’ ಅಂದೆ. ‘ಇದನ್ನ ಈಗಲೇ ಅಕ್ಕನಿಗೆ ಬರೀಬೇಡ’ ಅಂದರು. ಬರೆಯುತ್ತಿದ್ದೇನೆ. ನಿನಗೆ ಬರೆಯದೆ ನಾನು ಏನು ಮಾಡಿದ್ದೇನೆ ಹೇಳು? ಬಿಡುವ ಹೆಂಡತಿಗೆ ಯಾರಾದರೂ ಅಂಗಡಿ ಹಾಕಿಕೊಡುತ್ತಾರಾ? ಅಥವಾ ಬಿಡುವುದಕ್ಕೇ ಇದು ಪರಿಹಾರವೋ?

ರಜೆಗೆ ಇನ್ನು ಎರಡು ವಾರವಿದೆ. ಹೋಗಿಬಂದು ಬರೆಯುತ್ತೇನೆ. ಬರೆಯುವ ಸ್ಥಿತಿಯಲ್ಲಿದ್ದರೆ.

ನಿನ್ನ ಪುಟ್ಟಿ


ಆಗಸ್ಟ್ 24

ಪುಟ್ಟಿ,

ಹೋಗಬೇಡ. ಹೊಟ್ಟೆನೋವು ಅನ್ನು, ತಲೆಸುತ್ತು ಅನ್ನು, ಏನಾದರೂ ಅನ್ನು. ಆ ಅಂಗಿಯನ್ನು ತೆಗೆದು ನಿನ್ನ ಹಾಸಿಗೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಮಲಗು. ಯಾಕೆ ಅಂತ ಕೇಳಬೇಡ.

ನನಗೂ ಮೈ ಸರಿಯಿಲ್ಲ. ಆದಷ್ಟು ಬೇಗ ಹೊರಟು ಬಾ.

ಅಕ್ಕ


ಆಗಸ್ಟ್ 26

ಅಕ್ಕನಿಗೆ,

ಹೋಗಿ ಬಂದೆವು. ನಿನ್ನಿಂದ ಕಾಗದ ಬರಬಹುದೆಂದು ಹೊರಡುವವರೆಗೂ ಕೆಳಗಿನ ಡಬ್ಬಿ ನೋಡಿದೆ, ಇರಲಿಲ್ಲ.

ಅದು ದೇವಸ್ಥಾನ ಅಂತ ಯಾರೂ ಹೇಳಲಾರರು. ಒಂದು ಕಡೆ ಲಾಂಡ್ರಿ, ಇನ್ನೊಂದು ಕಡೆ ಟೈರಿನ ಅಂಗಡಿ, ನಡುವೆ ಅಂಗಡಿಯ ಹಾಗೇ ಷಟರ್ ಎಳೆಯುವ ಬಾಗಿಲು. ಒಳಗೆ ನಮ್ಮ ಕಟಿಂಗ್ ಮೇಜಿನಂಥದೇ ಮೇಜು, ಸೊಂಟದೆತ್ತರದ್ದು. ಅದರ ಮೇಲೆ ಕತ್ತರಿ ಮಲಗಿದೆ, ನನ್ನ ತೋಳಿನಷ್ಟು ಉದ್ದ. ಹಿಡಿಗೆ ಬಟ್ಟೆ ಸುತ್ತಿದ್ದಾರೆ, ಬೆರಳು ಉಜ್ಜದಿರಲೆಂದು ನೀನು ಸುತ್ತುವ ಹಾಗೆಯೇ. ಮೂರ್ತಿ ಇಲ್ಲ, ಗಂಟೆ ಇಲ್ಲ. ಗೋಡೆ ತುಂಬ ಅರ್ಧರ್ಧ ಬಟ್ಟೆಗಳು. ಅರ್ಧ ಸ್ವೆಟರು, ಹೂವಿನ ಕಸೂತಿ ಮಾಡಿದ ಅರ್ಧ ದಿಂಬಿನ ಚೀಲ, ಒಂದು ಮಗುವಿನ ಟೋಪಿಯ ಅರ್ಧ. ಉಲ್ಲನ್ ಕುಣಿಕೆಗಳು ಬಿಚ್ಚಿಕೊಂಡು ಜೋಲಾಡುತ್ತಿದ್ದವು. ಸೂಜಿ ಇದ್ದಿದ್ದರೆ ಅಲ್ಲೇ ಕೂತು ಎತ್ತಿ ಹೆಣೆದುಬಿಡುತ್ತಿದ್ದೆ. ಆ ಹೆದರಿಕೆಯಲ್ಲೂ ಕೈ ತುರಿಸಿತು.

ನೋಡಿಕೊಳ್ಳುವವಳು ಒಬ್ಬ ಮುದುಕಿ, ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡವಳು. ಇವರು ಚೀಲದಿಂದ ಅಂಗಿ ತೆಗೆದು ಮೇಜಿನ ಮೇಲೆ ಹರವಿದರು. ನನ್ನ ಮುಖ ನೋಡಲಿಲ್ಲ. ಮುದುಕಿ ಅದನ್ನು ಒಳಹೊರಗು ಮಾಡಿ, ಹೊಲಿಗೆಯ ಮೇಲೆ ಉಗುರು ಆಡಿಸಿ ಏನೋ ಕೇಳಿದಳು. ಇವರಿಗೆ ಕೆಲಸದ ಜಾಗದಲ್ಲಿ ಕಲಿತ ನಾಲ್ಕು ಮಾತು ಬರುತ್ತದೆ.

‘ಏನಂತೆ?’ ಅಂದೆ.

‘ಹೊಲಿದೋರು ಯಾರು ಅಂತ.’

‘ಹೊಲಿದೋರ ಮಾತ್ಯಾಕೆ? ತೊಟ್ಟವಳು ನಾನು. ನನ್ನನ್ನ ಬಿಡೋಕೆ ತಾನೇ ಬಂದಿರೋದು, ಬಾಯಿ ಬಿಟ್ಟು ಹೇಳಿ!’

ಇವರು ಬೆಪ್ಪಾಗಿ ನನ್ನನ್ನು ನೋಡಿದರು. ‘ನಿನ್ನನ್ನ ಬಿಡೋಕಾ? ಯಾರು ಹೇಳಿದ್ರು?’

‘ಎಲ್ಲಾ ಗೊತ್ತು ನನಗೆ. ಯಾರನ್ನ ಬಿಡಬೇಕೋ ಅವರ ಬಟ್ಟೆ ತರ್ತಾರಂತೆ.’

‘ತೊಟ್ಟೋರು ಲೆಕ್ಕಕ್ಕಿಲ್ಲ ಕಣೇ. ಅದನ್ನ ಕೈಯಾರೆ ಮಾಡಿದೋರು ಯಾರೋ ಅವರ ಹಿಡಿತ ಬಿಡಿಸೋದು ಇಲ್ಲಿ. ವೆಲ್ಡರ್ ಹಿಂದಿನ ಸಲ ಬಂದಾಗ ನೋಡಿ ಹೋಗಿದ್ದ. ನಾನು ಮೊದಲ್ನೇ ಸಲ ನಿಮ್ಮನೆಗೆ ಬಂದಾಗ ನೀನು ಇದನ್ನೇ ಹಾಕ್ಕೊಂಡಿದ್ದೆ. ಅಕ್ಕ ಹೊಲಿದದ್ದು, ನನ್ನ ಕೈ ಇಷ್ಟು ಗಟ್ಟಿ ಇಲ್ಲ ಅಂತ ನೀನೇ ಅಂದಿದ್ದೆ.’

‘ಹಾಗಾದ್ರೆ ಅಕ್ಕ’ ಅಂದೆ.

‘ಹೂಂ. ನಿನಗೂ ನಿಮ್ಮಕ್ಕನಿಗೂ ಇರೋ ಋಣ.’

ಅಷ್ಟರಲ್ಲಿ ಮುದುಕಿ ಅಂಗಿಯ ಒಂದು ತೋಳನ್ನು ತಂದು ನನ್ನ ಕೈಗಿಟ್ಟಳು. ಇವರಿಗೆ ಕೊಡಲಿಲ್ಲ. ಯಾರ ಋಣವೋ ಅವರೇ ಹಿಡಿದು ನಿಲ್ಲಬೇಕು, ಇನ್ನೊಬ್ಬರ ಪರವಾಗಿ ಕತ್ತರಿಸುವುದಿಲ್ಲವಂತೆ. ಇವರು ಹೇಳಿದ ಅರ್ಥ ನಿಜವೋ ಅಲ್ಲವೋ ಅಂದುಕೊಂಡೆ. ಆದರೆ ಮುದುಕಿ ನನ್ನ ಮುಷ್ಟಿಯನ್ನು ತಾನೇ ಮಡಿಸಿ ತಟ್ಟಿ ತೋರಿಸಿದಳು, ಅದಕ್ಕೆ ಅರ್ಥ ಹೇಳುವವರು ಬೇಕಿರಲಿಲ್ಲ. ಕತ್ತರಿ ಎತ್ತಿ ಬಾಯಿ ತೆರೆದು ಕಾದಳು.

‘ಹಿಡ್ಕೋ. ಒಂದೇ ಒಂದು ಸಲ ನನ್ನ ಮಾತು ಕೇಳು’ ಅಂದರು ಇವರು. ‘ಹನ್ನೊಂದು ವರ್ಷದಲ್ಲಿ ನನ್ನ ಶರ್ಟನ್ನ ಮೂಸಿ ನೋಡದೆ ನೀನು ಒಂದು ಸಲಾನಾದ್ರೂ ಒಗೆದಿದೀಯಾ? ಬೀಗದ ತೂತಲ್ಲಿ ನೋಡೋ ಹಾಗೆ ನೋಡ್ತೀಯ. ಅದು ನಿನ್ನ ಬುದ್ಧಿ ಅಲ್ಲ. ನಿನ್ನ ಬಾಯಲ್ಲಿ ಮಾತಾಡೋದು ನಿಮ್ಮಕ್ಕ.’

ಇವರಿಗೆ ಗೊತ್ತಿತ್ತು ಅಕ್ಕಾ. ಅಷ್ಟು ವರ್ಷದಿಂದ ನೋಡಿಯೂ ನೋಡದ ಹಾಗೆ ಇದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

‘ಹೇಳಿ ಕರ್ಕೊಂಡು ಬರಬಾರದಿತ್ತಾ? ಕದ್ದು ತಂದ್ರಿ’ ಅಂದೆ.

‘ಹೇಳಿದ್ರೆ ಅವತ್ತೇ ಅಕ್ಕನಿಗೆ ಬರೀತಿದ್ದೆ.’

ಅದು ನಿಜವೇ. ಆದರೂ ನನಗೆ ಇವರ ಮೇಲೆ ಕೋಪವೇ ಬಂತು. ನನ್ನನ್ನು ಕೇಳದೆ ನನ್ನ ಋಣ ಹರಿಯಲು ಇವರು ಯಾರು? ಇವರು ಒಂದು ಕಡೆ, ನೀನು ಒಂದು ಕಡೆ, ನಡುವೆ ನಾನು ಅಳತೆ ಹಾಕಿಟ್ಟ ಬಟ್ಟೆಯೇ? ತೋಳನ್ನು ಬಿಟ್ಟುಬಿಟ್ಟೆ. ಮುದುಕಿ ಕತ್ತರಿಯನ್ನು ಮೆಲ್ಲಗೆ ಮಲಗಿಸಿ ಅಂಗಿಯನ್ನು ಮಡಚಿ ನನಗೇ ಕೊಟ್ಟಳು. ಏನೋ ಅಂದಳು ಕೂಡ. ‘ಏನಂದಳು?’ ಅಂದರೆ ಇವರು ‘ಏನಿಲ್ಲ’ ಅಂದರು. ಈಗಲೂ ಹೇಳಿಲ್ಲ.

ನಿನ್ನೆ ಇವರ ಶರ್ಟು ಒಗೆಯಲು ತೆಗೆದುಕೊಂಡೆ. ಕೈ ತಾನಾಗಿಯೇ ಮೂಗಿನವರೆಗೆ ಬಂತು. ಇಳಿಸಿ ನೀರಿಗೆ ಹಾಕಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ಯಾರೋ ನೋಡುತ್ತಿದ್ದಾರೆ ಅನ್ನಿಸಿತು.

ಒಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬಸ್ ಸ್ಟ್ಯಾಂಡಿನಲ್ಲಿ ಅವತ್ತು ನೀನು ಕಂಡದ್ದು ಇವರನ್ನೇ ತಾನೇ? ಮುಖ ನೋಡಿದೆಯಾ?

ನಿನ್ನ ಪುಟ್ಟಿ


ಸೆಪ್ಟೆಂಬರ್ 12

ಪುಟ್ಟಿ,

ಕತ್ತರಿ ಬೀಳಲಿಲ್ಲವಲ್ಲ, ಅಷ್ಟು ಸಾಕು. ರಕ್ತ ಯಾವತ್ತೂ ರಕ್ತವೇ ಅಂತ ನೀನು ತೋರಿಸಿದೆ. ಓದಿ ಅತ್ತೆ. ಕಾಜಾದವಳ ಎದುರಿಗೇ ಅತ್ತೆ.

ನಾನು ನಿನ್ನ ಬಾಯಲ್ಲಿ ಮಾತಾಡುತ್ತೇನಂತೆ! ತಾಯಿಯ ಜಾಗದಲ್ಲಿ ನಿಂತವಳು ನಾಲ್ಕು ಮಾತು ಹೇಳಬಾರದೇ? ಒಳ್ಳೆಯ ಮಾತಾದರೆ ಅವನಿಗೇಕೆ ಉರಿ?

ಬಸ್ ಸ್ಟ್ಯಾಂಡಿನ ಮಾತು ಈಗೇಕೆ? ಕಂಡದ್ದನ್ನು ಕಂಡೆ. ಅದೇ ನೀಲಿ ಶರ್ಟು, ಅದೇ ಎತ್ತರ. ಮುಖ ಆ ಕಡೆಗಿತ್ತು. ಬೆನ್ನ ಕಡೆಯಿಂದ ನೋಡಿದರೆ ಗಂಡಸರೆಲ್ಲ ಒಂದೇ ಥರ, ಅವನಲ್ಲದಿದ್ದರೆ ಅವನಂಥವನು. ನಿನ್ನನ್ನು ಎಚ್ಚರವಾಗಿ ಇರಿಸಿತಲ್ಲ, ಅದು ಮುಖ್ಯ.

ಈಗ ಇದಕ್ಕೆ ಉತ್ತರ ಬರೆ. ದೇವಸ್ಥಾನದಿಂದ ಬಂದ ಮೇಲೆ ಅವನು ಹೇಗಿದ್ದಾನೆ? ತಪ್ಪಾಯಿತು ಅಂದನೇ? ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾನೆ? ಆ ಬೇರೆ ಊರಿಗೆ ಹೋಗುವ ಮಾತು ಮತ್ತೆ ತೆಗೆದನೇ? ಇನ್ನೊಂದು, ನೀನು ದಡ್ಡಿ, ನಿನಗೆ ಹೊಳೆದಿರುವುದಿಲ್ಲ. ಆ ವೆಲ್ಡರಮ್ಮ ನಿನಗೆ ಯಾಕೆ ತಪ್ಪು ತಪ್ಪಾಗಿ ಹೇಳಿದಳು? ಅವಳಿಗೆ ವಯಸ್ಸೆಷ್ಟು? ಅವನು ಮೇಲಿನ ಮಹಡಿಗೆ ಹೋಗುತ್ತಾನಾ? ನಗುನಗುತ್ತಾ ಮಾತಾಡುವ ಹೆಂಗಸರ ಮೇಲೆ ಒಂದು ಕಣ್ಣಿಟ್ಟಿರು. ಎಲ್ಲ ವಿವರವಾಗಿ ಬರೆ, ಏನನ್ನೂ ಬಿಡಬೇಡ.

ಕಾಲರಿನ ಒಳಗೆ ಹಾಕುವ ಕ್ಯಾನ್ವಾಸು ಒಗೆದ ಮೇಲೆ ಗುಳ್ಳೆ ಏಳುತ್ತಿದೆ ಅಂತ ಗಿರಾಕಿಗಳು ತಂದು ಎಸೆಯುತ್ತಿದ್ದಾರೆ. ನೀನು ಏನು ಮಾಡುತ್ತಿದ್ದೆ?

ಅಕ್ಕ


ಸೆಪ್ಟೆಂಬರ್ 30

ಅಕ್ಕನಿಗೆ,

‘ಹೋಗಬೇಡ’ ಅಂತ ನೀನು ಬರೆದದ್ದು ನಾವು ಹೋಗಿಬಂದ ಎಷ್ಟೋ ದಿನಕ್ಕೆ ಬಂತು. ಅದನ್ನೂ ಆಮೇಲಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಮೈ ಸರಿಯಿಲ್ಲ ಅಂದಿದ್ದೆ, ಆಮೇಲೆ ಅದರ ಸುದ್ದಿಯೇ ಇಲ್ಲ. ಈಗ ಹೇಗಿದ್ದೀಯ? ನಿಜವಾಗಿ ಸರಿಯಿಲ್ಲದಿದ್ದರೆ ಹೇಳು, ಬರುತ್ತೇನೆ.

ಕ್ಯಾನ್ವಾಸನ್ನು ಮೊದಲು ನೀರಿನಲ್ಲಿ ನೆನೆಹಾಕಿ ನೆರಳಿನಲ್ಲಿ ಒಣಗಿಸಿ ಆಮೇಲೆ ಕತ್ತರಿಸು. ಕತ್ತರಿಸಿದ ಮೇಲೆ ನೆನೆಸಿದರೆ ಪ್ರಯೋಜನವಿಲ್ಲ. ಕಾಜಾದವಳನ್ನು ಬೈಯಬೇಡ, ಕಾಗದದ ಮೇಲೆ ಗುರುತು ಹಾಕಿಕೊಡು, ಕಲಿಯುತ್ತಾಳೆ. ನನ್ನ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದು ಅವಳನ್ನು ಅದರಲ್ಲಿ ಕೂರಿಸು. ಸುಮ್ಮನೆ ನಿಂತರೆ ಎಣ್ಣೆ ಗಟ್ಟಿಯಾಗಿ ಹಾಳಾಗುತ್ತದೆ.

ಇವರ ಬಗ್ಗೆ ಇಷ್ಟೊಂದು ಕೇಳಿದ್ದೀಯ. ಬಸ್ ಸ್ಟ್ಯಾಂಡಿನ ವಿಷಯವನ್ನು ನಾನು ಇವರನ್ನೇ ಕೇಳಿಬಿಟ್ಟೆ. ಇಷ್ಟು ವರ್ಷ ಒಗೆಯುವ ನೀರಿನ ಮುಂದೆ ನಿಂತು ಅವರ ಶರ್ಟನ್ನು ಕೇಳಿದ್ದನ್ನು ಊಟದ ಮುಂದೆ ಕೂತು ಕೇಳಿದೆ. ಅವರು ಹೇಳಿದರು. ಏನು ಹೇಳಿದರೆಂದು ಈ ಕಾಗದದಲ್ಲಿ ಬರೆಯುವುದಿಲ್ಲ. ನಂಬಿದೆನೋ ಇಲ್ಲವೋ, ಅದೂ ನನ್ನ ಹತ್ತಿರವೇ ಇರಲಿ. ಇನ್ನು ಮುಂದೆ ಅವರ ವಿಷಯ ನನ್ನನ್ನು ಕೇಳಬೇಡ.

ಕಿವಿ ತೋರಿಸಿಕೋ. ಅಂಗಡಿಯ ಸುದ್ದಿ ಬರೆಯುತ್ತಿರು.

ನಿನ್ನ ತಂಗಿ